ಅಣ್ಣಂದಿರ ಮನೆ

ಏಟಿನ ರಭಸಕ್ಕೆ ಟೋಬಿನ್‌ನ ಮಂಡಿ ಸಿಮೆಂಟು ನೆಲಕ್ಕೆ ಬಡಿಯಿತು.

"ಏಳೋ ಹೆಣವೇ! ಗೋಡೆ ಹಿಡ್ಕೋ." ಫ್ರಟರ್ನಿಟಿ ಎಂಬ ಕಾಲೇಜು ಹುಡುಗರ ಸಂಘದ ಅಧ್ಯಕ್ಷ ಪ್ರೆಸ್ಕಾಟ್‌ನ ದನಿ. "ಹೊಡೆದ ಅಣ್ಣಂಗೆ ಏನನ್ನಬೇಕು?"

"ಥ್ಯಾಂಕ್ಸ್ ಅಣ್ಣಾ."

ಟೋಬಿನ್‌ನ ಕಣ್ಣಿಗೆ ಬಟ್ಟೆ ಕಟ್ಟಿತ್ತು. ಬಾಯಿ ತುಂಬ ರಕ್ತದ ರುಚಿ. ಹೊರಗೆ ಕಾಲೇಜಿನ ಫುಟ್‌ಬಾಲ್ ಪಂದ್ಯ. ಊರಿಗೆ ಊರೇ ಅಲ್ಲಿ ಸೇರಿ ಬೊಬ್ಬೆ ಹೊಡೆಯುತ್ತಿತ್ತು. ಆ ಗದ್ದಲದಲ್ಲಿ ನೆಲಮಾಳಿಗೆಯ ಕಿರುಚಾಟ ಯಾರ ಕಿವಿಗೆ ಬೀಳಬೇಕು? ಪಂದ್ಯದ ದಿನವನ್ನೇ ಹುಡುಕಿ ಆರಿಸಿದ್ದರು, ಪಾಪಿಗಳು.

ಕಾಲೇಜಿಗೆ ಬರುವಾಗ ಅವನು ಕಂಡ ಕನಸೇ ಬೇರೆ. ಒಡಹುಟ್ಟಿದವರಿಲ್ಲದ ಹುಡುಗ. ದೊಡ್ಡ ಮನೆ, ಒಟ್ಟಿಗೆ ಊಟ, ಸಾಯುವ ತನಕ ಕೈಬಿಡದ ಅಣ್ಣಂದಿರು ಎಂದೆಲ್ಲ ಅಪ್ಪ ರಸೆಲ್ ಆಸೆ ಹುಟ್ಟಿಸಿದ್ದ. ಸಿಕ್ಕಿದ್ದು ಹಲಗೆಯ ಏಟು. ಹೊಸಬರು ತಮ್ಮ ಹಲಗೆಯನ್ನು ತಾವೇ ಕೆತ್ತಿ, ಹೆಸರು ಕೊರೆದು ಕೊಡಬೇಕು. ಅದರಲ್ಲೇ ಅವರಿಗೆ ಬಾರಿಸುತ್ತಾರೆ. ಸದಸ್ಯನಾದ ಮೇಲೆ ಅದನ್ನು ಮನೆಗೊಯ್ದು ಇಟ್ಟುಕೊಳ್ಳಬಹುದು. ಓಕ್ ಮರವಾದರೆ ಸೀಳುವುದಿಲ್ಲ ಎಂದು ಅಪ್ಪನೇ ಹೇಳಿಕೊಟ್ಟಿದ್ದ.

ಅದೇ ಅಪ್ಪನಿಗೆ ಟೋಬಿನ್ ಬೆಳಗ್ಗೆ ಫೋನ್ ಮಾಡಿ ಗೊಳೋ ಎಂದು ಅತ್ತಿದ್ದ.

"ನನ್ ಕೈಲಾಗಲ್ಲಪ್ಪಾ. ನನ್ ಜೊತೆ ಸೇರಿದ ಎಮೆಟ್‌ಗೆ ಪಕ್ಕೆಲುಬು ಮುರಿದಿದೆ. ಇವತ್ತು ಕೊನೇ ಸುತ್ತಂತೆ. ಕೊಂದೇ ಹಾಕ್ತಾರೆ."

"ಎಲ್ಲಿ ನೋವು?"

"ಎಡಗಡೆ ಪೂರ್ತಿ. ಕೂರಕ್ಕೂ ಆಗ್ತಿಲ್ಲ. ಬಂದು ಕರ್ಕೊಂಡು ಹೋಗಪ್ಪಾ."

"ಎಲ್ಲೂ ಓಡಿಹೋಗ್ಬೇಡ ಮಗಾ. ಈಗ್ಲೇ ಹೊರಟೆ. ಇದನ್ನ ನಾನೇ ಮುಗಿಸ್ತೀನಿ."

ಆ ಒಂದು ಮಾತನ್ನು ನೆಚ್ಚಿಕೊಂಡು ಟೋಬಿನ್ ಇಷ್ಟು ಹೊತ್ತು ತಡೆದಿದ್ದ. ಅಪ್ಪ ಗಟ್ಟಿ ಆಳು. ಬಂದರೆ ಪ್ರೆಸ್ಕಾಟ್‌ನ ಹಲ್ಲು ಉದುರಿಸಿಬಿಡುತ್ತಾನೆ.

ಮೇಲೆ ಬಾಗಿಲು ಬಡಿದ ಸದ್ದಾಯಿತು. ಭಾರದ ಬೂಟಿನ ಹೆಜ್ಜೆ. ಟೋಬಿನ್ ಆ ಕಡೆಗೇ ಕಿವಿಗೊಟ್ಟ. ಪ್ರೆಸ್ಕಾಟ್ ಮೆಟ್ಟಿಲು ಹತ್ತಿ ಹೋದ. ಗುಸುಗುಸು ಮಾತು. ಯಾರೋ ನಕ್ಕರು. ಬಾಗಿಲು ಮತ್ತೆ ಮುಚ್ಚಿತು.

"ಯಾರು ಬಂದಿದ್ದು? ನಮ್ಮಪ್ಪನಾ?"

"ಅಪ್ಪನ್ನ ಮರ್ತುಬಿಡು ಪುಟ್ಟಾ," ಎಂದ ಕೆಳಗಿಳಿದು ಬಂದ ಪ್ರೆಸ್ಕಾಟ್. "ಇಲ್ಲಿರೋರೆಲ್ಲ ಅಣ್ಣಂದಿರೇ."

ಅಪ್ಪನನ್ನು ಓಡಿಸಿಬಿಟ್ಟರು. ಟೋಬಿನ್‌ಗೆ ಜೀವವೇ ಹೋದಂತಾಯಿತು.

ಈಗ ಹೊಡೆಯುವ ಕೈ ಬದಲಾಯಿತು. ಈ ಅಣ್ಣ ಬೈಯಲಿಲ್ಲ, ನಗಲಿಲ್ಲ. ಏದುಸಿರು ಬಿಡುತ್ತ ಬಲಗಡೆಗೇ ಬಾರಿಸಿದ. ಮತ್ತೆ ಬಲಗಡೆಗೇ. ತೊಡೆಯ ಚರ್ಮ ಹರಿದು ರಕ್ತ ಮೊಣಕಾಲಿಗೆ ಇಳಿಯಿತು.

"ಅಪ್ಪಾ!" ಎಂದು ಟೋಬಿನ್ ಚೀರಿದ.

ಹಲಗೆಯ ಏಟು ನಿಂತಿತು. ಏದುಸಿರೊಂದೇ ಕೇಳುತ್ತಿತ್ತು. ಆಮೇಲೆ ಬಿದ್ದ ಏಟು ಅದುವರೆಗಿನ ಎಲ್ಲಕ್ಕಿಂತ ಜೋರಾಗಿತ್ತು. ಟೋಬಿನ್ ಮುಖ ಅಡಿಯಾಗಿ ಬಿದ್ದ. ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು.

ಯಾರೋ ಕಣ್ಣಿನ ಬಟ್ಟೆ ಬಿಚ್ಚಿದರು. ಎದುರಿಗೆ, ಹೊಡೆದವನ ಕೈಯಲ್ಲಿ, ಓಕ್ ಮರದ ಹಳೆಯ ಹಲಗೆಯಿತ್ತು. ಅದರ ಮೇಲೆ ಕೊರೆದಿದ್ದ ಹೆಸರು ರಸೆಲ್.

"ಎಡಗಡೆ ಮುಟ್ಟಲಿಲ್ಲ ನೋಡು," ಎನ್ನುತ್ತ ರಸೆಲ್ ಕಣ್ಣೊರೆಸಿಕೊಂಡು ಮಗನನ್ನು ಬಾಚಿ ತಬ್ಬಿಕೊಂಡ. "ಈ ಮನೇಲಿ ಇನ್ಮೇಲೆ ಅಪ್ಪ ಅನ್ಬೇಡ. ಅಣ್ಣ ಅನ್ನು."