ಮೇಲಿನ ಅರ್ಧ

ರತ್ನಗಂಬಳಿ ಇನ್ನೂ ಅರ್ಧದಷ್ಟೇ ಆಗಿ ಮುದುಕಿ ಇಜ್ಜಾಳ ಮಗ್ಗದ ಮೇಲೆ ನಿಂತಿತ್ತು. ಅಷ್ಟರಲ್ಲಿ ಅದೇ ಕಂಬಳಿ, ಪೂರ್ತಿ ಮುಗಿದು, ಲಹ್ಸೆನ್‌ನ ಹೆಗಲೇರಿ ಬಾಗಿಲೊಳಗೆ ಬಂತು.

ಲಹ್ಸೆನ್ ಮರಾಕೇಶ್ ನಗರದ ಅಂಗಡಿಗಳಿಗೆ ಕಂಬಳಿ ಸಾಗಿಸುವ ವ್ಯಾಪಾರಿ. ಈ ಬೆಟ್ಟದ ಹೆಂಗಸರ ನೇಯ್ಗೆಗೆ ತಾನು ಹೇಳಿದ್ದೇ ಬೆಲೆ ಎಂದು ಇಪ್ಪತ್ತು ವರ್ಷ ಮೆರೆದವನು. ಇವತ್ತು ಮುಖದಲ್ಲಿ ಆ ಗತ್ತು ಇರಲಿಲ್ಲ. ತಂದದ್ದನ್ನು ಮಗ್ಗದ ಮುಂದೆ ಬಿಡಿಸಿ ಹಾಸಿದ. ಅದೇ ಕೇಸರಿ ಹಳದಿ, ಅದೇ ಮಂಜಿಷ್ಠೆಯ ಕೆಂಪು, ಅಂಚಿನುದ್ದಕ್ಕೂ ಅದೇ ಸಾಲುಸಾಲು ಕಣ್ಣಿನ ಚಿತ್ತಾರ. ಉಣ್ಣೆಯ ವಾಸನೆ ಮಾತ್ರ ಇಲ್ಲ. ಯಂತ್ರದಲ್ಲಿ ಅಚ್ಚು ಹಾಕಿದ ನೈಲಾನು.

"ಅಂಗಡೀಲಿ ಆಳೆತ್ತರ ರಾಶಿ ಬಿದ್ದಿದೆ, ಅಕ್ಕ. ಒಂದಕ್ಕೆ ಮುನ್ನೂರು ದಿರ್ಹಮ್. ನಿಮ್ಮಮ್ಮನ ನಮೂನೇನ ಯಾರಿಗೆ ಮಾರಿದ್ರಿ, ಅದನ್ನಷ್ಟು ಹೇಳಿ."

ಇಜ್ಜಾ ಯಾರಿಗೂ ಮಾರಿರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಅವಳ ತಂಗಿಯ ಮಗಳು ತೂದಾ ಮಾತ್ರ ಕೈಯಲ್ಲಿದ್ದ ಮೊಬೈಲನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದಳು.

ತೂದಾ ಪಟ್ಟಣಕ್ಕೆ ಹೋಗಿ ಎರಡು ದಿನದ ತರಬೇತಿ ಮುಗಿಸಿ ಬಂದಿದ್ದಳು. ಸಣ್ಣ ವ್ಯಾಪಾರದವರು ಜಾಲತಾಣದಲ್ಲಿ ಗಿರಾಕಿ ಹುಡುಕುವುದು ಹೇಗೆಂಬ ತರಬೇತಿ. ಬರೀ ಸರಕು ತೋರಿಸಬೇಡಿ, ಸರಕು ಹುಟ್ಟುವುದನ್ನು ತೋರಿಸಿ, ದಿನಾ ತಪ್ಪದೆ ತೋರಿಸಿ, ಕೇಳಿದವರಿಗೆಲ್ಲ ಉತ್ತರ ಕೊಡಿ ಎಂದು ಅಲ್ಲಿ ಹೇಳಿಕೊಟ್ಟಿದ್ದರು. ಇಜ್ಜಾ ಮೊದಲು ಸುತಾರಾಂ ಒಪ್ಪಲಿಲ್ಲ. ಮಗ್ಗಕ್ಕೇರಿದ ದಿನ ಕಂಬಳಿಗೆ ಜೀವ ಬರುತ್ತದೆ, ಕತ್ತರಿಸಿ ಇಳಿಸುವ ದಿನ ಅದು ಸಾಯುತ್ತದೆ. ಆಗ ನೆರೆಯ ಹೆಂಗಸರು ಕೂಡಿ ಹೆಣಕ್ಕೆ ಹಾಕುವಂತೆ ಅದಕ್ಕೆ ನೀರು ಹಾಕುತ್ತಾರೆ. ಅಲ್ಲಿಯವರೆಗೆ ಹೊರಗಿನವರ ಕಣ್ಣು ಬೀಳಬಾರದೆಂದು ಬಟ್ಟೆ ಮುಚ್ಚಿ ಕಾಯುವುದು ಅವಳು ಹುಟ್ಟಿದಾಗಿನಿಂದ ಕಂಡ ರೂಢಿ. ಆದರೆ ಲಹ್ಸೆನ್‌ನ ಹಂಗಿಲ್ಲದೆ ನೇರವಾಗಿ ಮಾರಬಹುದು, ಊರಿನಲ್ಲಿ ನೇಯುವ ಏಳು ಮನೆಯ ಹೆಂಗಸರು ತಲೆಯೆತ್ತಿ ಬದುಕಬಹುದು ಎಂದು ತೂದಾ ಗೋಗರೆದಾಗ ಮುದುಕಿಯ ಮನಸ್ಸು ಕರಗಿತು. ತಾನೇ ಕೈಯಾರೆ ಬಟ್ಟೆ ತೆಗೆದಳು.

ನಲವತ್ತು ದಿನ, ದಿನಕ್ಕೆ ಎರಡು ಬೆರಳಿನಷ್ಟು ನೇಯ್ಗೆ. ತೂದಾ ಅದನ್ನು ದಿನಾ ತಪ್ಪದೆ ಲೋಕಕ್ಕೆಲ್ಲ ತೋರಿಸಿದಳು. ನಾಲ್ಕು ಲಕ್ಷ ಜನ ನೋಡಿದರು. ಮೆಚ್ಚಿದವರಿಗೆ ಲೆಕ್ಕವಿಲ್ಲ, ಕೊಂಡವರು ಒಬ್ಬರೂ ಇಲ್ಲ. ಯಾವುದೋ ದೇಶದ ಒಬ್ಬಾಕೆ ಮಾತ್ರ ಆಸೆ ಹುಟ್ಟಿಸಿದ್ದಳು. ಉದ್ದಗಲ ಕೇಳಿದಳು, ಬಣ್ಣ ಕೇಳಿದಳು, ಒಂದೊಂದು ಕಣ್ಣನ್ನೂ ಹತ್ತಿರದಿಂದ ಫೋಟೋ ತೆಗೆದು ಕಳಿಸು ಎಂದಳು. ತೂದಾ ಹಿರಿಹಿರಿ ಹಿಗ್ಗಿ, ಟೇಪು ಹಿಡಿದು ಅಳೆದು, ಎಲ್ಲವನ್ನೂ ಕಳಿಸಿದಳು. ಆಮೇಲೆ ಕೊಯ್ಲಿನ ಕೆಲಸದಲ್ಲಿ ಮಗ್ಗ ಎರಡು ತಿಂಗಳು ನಿಂತೇ ಇತ್ತು, ಆಕೆಯ ಸುದ್ದಿಯೇ ಇರಲಿಲ್ಲ. ಈಗ ಸುದ್ದಿ ಬಂದಿತ್ತು.

ಇಜ್ಜಾ ಮಂಡಿಯೂರಿ ಕೂತು ನೈಲಾನಿನ ಮೇಲೆ ಬೆರಳಾಡಿಸಿದಳು. ಒಂದು ಕಡೆ ಬೆರಳು ನಿಂತಿತು. ನಡುವೆ ಒಂದು ದಿನ ಜ್ವರದಲ್ಲಿ ಕೈ ನಡುಗಿ, ಅಂಚಿನ ಒಂದು ಕಣ್ಣು ಸೊಟ್ಟಗಾಗಿತ್ತು. ಬಿಚ್ಚಲು ತ್ರಾಣವಿಲ್ಲದೆ ಹಾಗೇ ಬಿಟ್ಟಿದ್ದಳು. ಆ ಸೊಟ್ಟ ಕಣ್ಣು ಇಲ್ಲೂ ಇತ್ತು. ಕೆಳಗೊಂದು, ಮೇಲೊಂದು.

"ನನ್ನ ಜ್ವರಾನೂ ಬಿಟ್ಟಿಲ್ಲ ಇವರು," ಎಂದಳು.

ನೇಯ್ದಿದ್ದು ಅರ್ಧ ಮಾತ್ರ ತಾನೆ? ಕದ್ದವರು ಅದನ್ನೇ ತಲೆಕೆಳಗು ಮಾಡಿ ಮೇಲೆ ಕೂಡಿಸಿದ್ದರು. ತೂದಾಳಿಗೆ ಅದರಲ್ಲೇ ಒಂದು ದಾರಿ ಕಂಡಿತು. "ಮೇಲಿನ ಅರ್ಧದ ನಮೂನೆ ಬೇರೆ, ಅದು ಅವರಿಗೆ ಸಿಕ್ಕಿಲ್ಲ, ದೊಡ್ಡಮ್ಮ. ಅದು ನಿನ್ನ ತಲೇಲೇ ಇದೆ. ಮುಗಿಸು. ಯಾವುದು ಅಸಲಿ ಅಂತ ಎಲ್ರಿಗೂ ತೋರಿಸೋಣ."

"ಯಾರಿಗಮ್ಮ ತೋರಿಸ್ತೀಯ?" ಎಂದ ಲಹ್ಸೆನ್. "ಊರೆಲ್ಲ ಇದನ್ನ ತುಳೀತಿದೆ. ಇನ್ನು ನಿಮ್ಮದನ್ನೇ ನಕಲು ಅಂತಾರೆ."

ಈ ನಮೂನೆಯನ್ನು ಇನ್ನು ತಾನೂ ಕೊಳ್ಳಲಾರೆ, ಬರೀ ಬಿಳಿ ಕಂಬಳಿ ನೇಯ್ದಿಡಿ, ನೋಡೋಣ ಎಂದು ಹೇಳಿ ಎದ್ದ. ಕೊಟ್ಟ ಚಹಾ ಮುಟ್ಟಲಿಲ್ಲ. ತಂದ ಕಂಬಳಿಯನ್ನೂ ಎತ್ತಿಕೊಳ್ಳದೆ ಹೋದ.

ಇಜ್ಜಾ ಒಳಗೆ ಹೋಗಿ ಒಂದು ಬಟ್ಟಲು ನೀರು ಮತ್ತು ಚಾಕು ತಂದಳು. ನೆರೆಯವರು ಯಾರನ್ನೂ ಕೂಗಲಿಲ್ಲ. ತೂದಾ ಓಡಿ ಬಂದು ಮಗ್ಗಕ್ಕೆ ಅಡ್ಡ ನಿಂತಳು.

"ಇನ್ನೂ ಅರ್ಧ ಇದೆಯಲ್ಲ, ದೊಡ್ಡಮ್ಮ."

"ಸತ್ತಿದ್ದನ್ನ ಎಷ್ಟು ದಿನ ಅಂತ ನಿಲ್ಲಿಸಿಡ್ತೀಯ?"

ತೂದಾ ಅತ್ತಳು. ಕೈ ಹಿಡಿದುಕೊಂಡಳು. ತನ್ನದೇ ತಪ್ಪು ಎಂದಳು, ಮೊಬೈಲನ್ನು ಬಾವಿಗೆ ಹಾಕುತ್ತೇನೆ ಎಂದಳು. ಕೊನೆಗೆ, "ಮೇಲಿನ ಅರ್ಧ ನಂಗೊಬ್ಬಳಿಗಾದ್ರೂ ಹೇಳ್ಕೊಡು. ನಿನ್ನ ನಂತರ ಅದು ಯಾರಿಗೂ ಗೊತ್ತಿರಲ್ಲ," ಎಂದು ಬೇಡಿಕೊಂಡಳು.

ಇಜ್ಜಾ ಅವಳ ಕೆನ್ನೆ ಒರೆಸಿದಳು. ದನಿಯಲ್ಲಿ ಸಿಟ್ಟು ಎಳ್ಳಷ್ಟೂ ಇರಲಿಲ್ಲ. ಇದ್ದಿದ್ದರೆ ತೂದಾ ಹೇಗೋ ತಡೆದುಕೊಳ್ಳುತ್ತಿದ್ದಳು.

"ಯಾರಿಗೂ ಗೊತ್ತಿಲ್ಲದೆ ಇರಲಿ, ಮಗಳೇ. ಅಷ್ಟಾದ್ರೂ ಮರ್ಯಾದೆಯಿಂದ ಹೋಗಲಿ."

ನೀರು ಚಿಮುಕಿಸಿದಳು. ಹೆಣದ ಮುಂದೆ ಹೇಳುವ ಮಾತು ಹೇಳಿದಳು. ಚಾಕು ಎತ್ತಿದಳು. ನೇಯ್ದ ಅರ್ಧ ಧೊಪ್ಪೆಂದು ಕೆಳಗೆ, ನೈಲಾನಿನ ಮೇಲೆಯೇ ಬಿತ್ತು. ಮೇಲೆ, ಇಜ್ಜಾಳ ಅಮ್ಮನ ನಮೂನೆಯ ಉಳಿದ ಅರ್ಧ ಇರಬೇಕಾಗಿದ್ದ ಜಾಗದಲ್ಲಿ, ಹಾಸಿನ ನೂಲುಗಳು ಬರಿದಾಗಿ, ಬೆಳ್ಳಗೆ ಜೋತುಬಿದ್ದವು.