ನಿದ್ದೆ ಕೊಡದವಳು

ಹುಮೇರಾ ಅವನ ಕೆನ್ನೆ ತಟ್ಟಿದಳು. ಅವನು ಕಣ್ಣು ತೆರೆಯಲಿಲ್ಲ. ಎರಡನೆಯ ಸಲ ಜೋರಾಗಿಯೇ ತಟ್ಟಿದಳು.

"ಕಣ್ಣ ತೆರೀರಿ, ಸಾವ್ಕಾರ್ರ. ನನ್ನ ಗಂಡನ ಸಾವಿಗೆ ಜವಾಬು ಕೊಡೋತನಕ ನಿಮಗ ಸಾಯಾಕ ರಜಾ ಇಲ್ಲ."

ಮಲ್ಲಿನಾಥ ಕಣ್ಣು ತೆರೆದ. ಅವನ ಕುತ್ತಿಗೆಯಿಂದ ಹೊರಟ ದಪ್ಪ ಕೊಳವೆಯಲ್ಲಿ ಕಪ್ಪು ರಕ್ತ ಎಕ್ಮೋ ಯಂತ್ರಕ್ಕೆ ಹರಿದು, ಕೆಂಪಾಗಿ ಮರಳುತ್ತಿತ್ತು. ಅವನ ಶ್ವಾಸಕೋಶಗಳು ಸೋತಿದ್ದವು. ಬೇರೆಯವರದು ಸಿಗುವವರೆಗೆ ಯಂತ್ರವೇ ಅವನ ಉಸಿರು.

ಹೈದರಾಬಾದಿನ ಆ ಆಸ್ಪತ್ರೆಯಲ್ಲಿ ಹುಮೇರಾ ಫಿಜಿಯೋಥೆರಪಿಸ್ಟ್. ಅವಳ ಗಂಡ ಜಾಹೀದ ಶಹಾಪುರದ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದ. ಮಿಲ್ಲು ಮಲ್ಲಿನಾಥ ಮತ್ತು ಅವನ ಅಣ್ಣ ನೀಲಕಂಠನದು. ದೀಪಾವಳಿ ಕಳೆದ ಮೇಲೆ ಇಬ್ಬರಲ್ಲಿ ಅದು ಪಾಲಾಗುವುದಿತ್ತು. ಅದಕ್ಕೆ ಮೊದಲೇ ಗೋದಾಮಿಗೆ ಬೆಂಕಿ ಬಿತ್ತು. ಕಬ್ಬಿಣದ ಬಾಗಿಲಿಗೆ ಹೊರಗಿನಿಂದ ಬೀಗ, ಕೀಲಿಯಿಲ್ಲದೆ ಒತ್ತಿದರೂ ಬೀಳುವಂಥದ್ದು. ಜಾಹೀದ ಒಳಗೇ ಸತ್ತ. ಕೊನೆಗಳಿಗೆಯಲ್ಲಿ ಹೆಂಡತಿಗೆ ಫೋನ್ ಮಾಡಿದ್ದ. ಅವಳಿಗೆ ಕೇಳಿಸಿದ್ದು ಕೆಮ್ಮು ಮಾತ್ರ.

ಜನ ಬೀಗ ಒಡೆದು ಬಾಗಿಲು ತೆಗೆದರು. ಕೀಲಿ ಆಮೇಲೆ ಮಲ್ಲಿನಾಥನ ಜೇಬಿನಲ್ಲಿ ಸಿಕ್ಕಿತು. ಹತ್ತಿ ಕದಿಯುತ್ತಾರೆಂದು ತಮ್ಮನೇ ಬೀಗ ಹಾಕಿ ಮರೆತಿದ್ದ, ಬಾಗಿಲು ಒಡೆದಾಗ ಗಾಬರಿಯಿಂದ ಹೊಗೆಯೊಳಗೆ ನುಗ್ಗಿದ ಎಂದು ನೀಲಕಂಠ ಅಳುತ್ತ ಪೊಲೀಸರಿಗೆ ಹೇಳಿದ. ಆ ಕಪ್ಪು ಹೊಗೆಯಲ್ಲಿ ಯಾರು ನುಗ್ಗಿದರು, ಯಾರು ಬಿದ್ದರು ಎಂದು ನೋಡಿದವರಿರಲಿಲ್ಲ. ಮಲ್ಲಿನಾಥನನ್ನು ಕೇಳಿದರೆ ಮುಖ ತಿರುಗಿಸಿ ಮಲಗಿದ. ಊರಿಗೆ ಅಷ್ಟೇ ಸಾಕಾಯಿತು.

ಅವನನ್ನು ತನ್ನ ಆಸ್ಪತ್ರೆಗೇ ತಂದಿದ್ದಾರೆಂದು ತಿಳಿದಾಗ ಹುಮೇರಾ ಸುರಪುರದ ಅತ್ತೆಮನೆಯಲ್ಲಿ ಇದ್ದತ್ ಕೂತಿದ್ದಳು. ಗಂಡ ತೀರಿದವಳು ಹೊಸ್ತಿಲು ದಾಟುವ ಕಾಲವಲ್ಲ ಎಂದು ಅತ್ತೆ ಖುರ್ಷೀದಬೇಗಂ ತಡೆದಳು. ಅವನ ಮೈ ಮುಟ್ಟುತ್ತೀಯಾ ಎಂದು ಕೇಳಿದಳು. ಮುಟ್ಟುತ್ತೇನೆ, ನಿದ್ದೆ ಮಾತ್ರ ಕೊಡುವುದಿಲ್ಲ ಎಂದು ಹುಮೇರಾ ಯಾದಗಿರಿಗೆ ಹೋಗಿ ರೈಲು ಹತ್ತಿದಳು.

ರೋಗಿಯನ್ನು ಕೂರಿಸಿ ಕೆಮ್ಮಿಸುವುದು ಅವಳ ಕೆಲಸ. ಮೊದಲ ದಿನ ಮಲ್ಲಿನಾಥ ಕೆಮ್ಮಿದಾಗ ಅವಳ ಮುಖ ಬಿಳಿಚಿತು. ಮಂಚದ ಕಂಬಿ ಹಿಡಿದು ನಿಂತಳು. ಮತ್ತೆ ಕೆಮ್ಮಿಸಿದಳು. ಮತ್ತೆ. ಅವನ ತುಟಿ ನೀಲಿಯಾಗತೊಡಗಿದಾಗ ನರ್ಸ್ ಗೊಲ್ಲಾಳಮ್ಮ ಬಂದು ಅವಳ ಕೈ ಹಿಡಿದಳು.

"ಇದೇನ ದವಾಖಾನಿಯೋ, ಪೊಲೀಸ್ ಠಾಣಾನೋ?"

"ಎರಡೂ," ಎಂದಳು ಹುಮೇರಾ.

ಮರುದಿನ ಅವನನ್ನು ಎಬ್ಬಿಸಿ ನಡೆಸಿದಳು. ಯಂತ್ರವನ್ನು ಹಿಂದೆ ತಳ್ಳಿಕೊಂಡು ಬರಲು ಮೂವರು ಬೇಕಾಯಿತು. ಸುಟ್ಟು ಇನ್ನೂ ಮಾಯದ ಅಂಗೈಗಳಿಂದ ವಾಕರ್ ಹಿಡಿದು ಅವನು ನರಳಿದ. ಹುಮೇರಾ ಆ ಅಂಗೈಗಳನ್ನು ಮೇಲಕ್ಕೆ ತಿರುಗಿಸಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಬಾಗಲಾ ಭಾಳ ಕಾದಿತ್ತೇನ್ರಿ?"

ಮಲ್ಲಿನಾಥನ ಕಣ್ಣಲ್ಲಿ ನೀರು ಬಂತು. ಅವಳು ಇನ್ನೊಂದು ಸುತ್ತು ನಡೆಸಿದಳು.

ಹುಮೇರಾ ಸೇಡು ತೀರಿಸಿಕೊಳ್ಳುತ್ತಿದ್ದಾಳೆ ಎಂದು ಗೊಲ್ಲಾಳಮ್ಮ ಡಾಕ್ಟರರಿಗೆ ಹೇಳಿದಳು. ಡಾಕ್ಟರು ಹುಮೇರಾಳನ್ನು ಕರೆದು ಕೇಳಿದರು. ಹೌದು ಎಂದಳು. ಡಾಕ್ಟರು ರೋಗಿಯ ಚಾರ್ಟ್ ನೋಡಿದರು. ಅವನ ಕಾಲುಗಳಿಗೆ ಬಲ ಬರುತ್ತಿತ್ತು. ಅವಳನ್ನು ಬದಲಿಸಲಿಲ್ಲ.

ಅಣ್ಣ ನೀಲಕಂಠನ ರೀತಿಯೇ ಬೇರೆ. ಶಹಾಪುರದಿಂದ ಬಂದಾಗಲೆಲ್ಲ ತಮ್ಮನ ಕಾಲ ಬಳಿ ಕೂತು ಪಾದ ಒತ್ತುತ್ತಿದ್ದ. ಮಿಲ್ಲಿನ ಕೆಲಸವೆಲ್ಲ ಈಗ ಒಬ್ಬನ ಮೇಲೇ ಬಿದ್ದಿದೆ ಎಂದು ಕಣ್ಣೊರೆಸಿಕೊಳ್ಳುತ್ತಿದ್ದ. ಒಳಗೆ ಬರುವ ಮೊದಲು ಹುಮೇರಾಳನ್ನು ಮೆಲ್ಲಗೆ ಕೇಳುತ್ತಿದ್ದ.

"ಏನರೆ ಮಾತಾಡಿದನೇನವ್ವ?"

"ಇನ್ನೂ ಇಲ್ರಿ."

ತಮ್ಮನ ಸಂಕಟ ನೋಡಲಾಗುತ್ತಿಲ್ಲ, ಔಷಧ ಕೊಟ್ಟು ಮಲಗಿಸಿಬಿಡಿ ಎಂದು ನೀಲಕಂಠ ಡಾಕ್ಟರರನ್ನು ಬೇಡಿಕೊಂಡ. ಡಾಕ್ಟರು ಮಂಚದ ಪಕ್ಕದಲ್ಲೇ ನಿಂತು ತಿಳಿಸಿ ಹೇಳಿದರು. ಹಾಗೆ ಮಲಗಿಸಿದರೆ ಮೈಯ ಕಸುವು ಕರಗುತ್ತದೆ, ಕಸುವಿಲ್ಲದ ಮೈಗೆ ಹೊಸ ಶ್ವಾಸಕೋಶ ಕೂಡಿಸಲಾಗದು, ಎಚ್ಚರವಿದ್ದರೆ ಮಾತ್ರ ಉಳಿದಾನು. ನೀಲಕಂಠ ತಲೆದೂಗಿದ. ಮಲ್ಲಿನಾಥನೂ ಕೇಳಿಸಿಕೊಂಡ. ಮುಂದಿನ ಸಲ ಬಂದಾಗ ನೀಲಕಂಠ ಮತ್ತೆ ಅದನ್ನೇ ಬೇಡಿದ.

ಶಹಾಪುರದ ಪಿಎಸ್‌ಐ ಬಸಲಿಂಗ ಹೇಳಿಕೆ ಪಡೆಯಲು ಬರುವ ದಿನ ಗೊತ್ತಾಯಿತು. ಅವನನ್ನು ಕರೆಸಿದವಳು ಹುಮೇರಾ. ನೀಲಕಂಠನಿಗೂ ಅವಳೇ ಫೋನ್ ಮಾಡಿದಳು.

"ನೀವೂ ಬರ್ರಿ ಸಾವ್ಕಾರ್ರ. ನೀವಿಲ್ಲದ ಇದು ಮುಗಿಯಂಗಿಲ್ಲ."

ಅವರು ಬರುವ ಮುಂಚೆ ಅವಳು ಮಲ್ಲಿನಾಥನ ಕಿವಿಯ ಬಳಿ ಬಾಗಿ ಏನೋ ಹೇಳಿದಳು. ಅವನು ಕಣ್ಣು ಮುಚ್ಚಿಕೊಂಡ. ಅಂದು ಮಾತ್ರ ಅವಳು ಕೆನ್ನೆ ತಟ್ಟಲಿಲ್ಲ.

ಬಸಲಿಂಗ ಎರಡು ಸಲ ಹೆಸರು ಹಿಡಿದು ಕರೆದ. ಮಲ್ಲಿನಾಥ ಕಣ್ಣು ತೆರೆಯಲಿಲ್ಲ. ನಿದ್ದೆ ಹತ್ತಿರಬೇಕು ಎಂದ. ನೀಲಕಂಠ ತಮ್ಮನ ಮುಖದ ಮೇಲೆ ಬಾಗಿ ನೋಡಿದ. ಆಮೇಲೆ ಡಾಕ್ಟರರ ಕಡೆ ತಿರುಗಿದ. ದನಿ ಸಣ್ಣದಾಗಿತ್ತು.

"ಹಿಂಗಽ ಮಲಗಿಸಿಬಿಡ್ರಿ. ಔಷಧ ಕೊಡ್ರಿ. ಮತ್ತ ಏಳದಿದ್ರೂ ಚಿಂತಿಲ್ಲ, ಸಹಿ ನಾ ಮಾಡ್ತೀನಿ."

ಮಲ್ಲಿನಾಥ ಕಣ್ಣು ತೆರೆದ. ಕೆಮ್ಮು ಬಂತು. ಬೆಂಕಿಯ ದಿನ ಫೋನಿನಲ್ಲಿ ಗಂಡನ ಕೆಮ್ಮಿನ ಜೊತೆ ಕೇಳಿಸಿದ್ದ ಎರಡನೆಯ ಕೆಮ್ಮು ಇದೇ. ಅದು ನಿಲ್ಲುವವರೆಗೆ ಹುಮೇರಾ ಅವನ ಬೆನ್ನು ಹಿಡಿದು ಕೂರಿಸಿದಳು.

"ಅಣ್ಣಾ, ಜಾಹೀದನ ಜೋಡಿ ನಾನೂ ಒಳಗ ಅದೀನಂತ ಒದರಿದೆ... ನೀ ಕೇಳಿಸ್ಕೊಂಡಿ... ಆಮ್ಯಾಲೆ ಬೀಗ ಒತ್ತಿದಿ."