ನಿಂತಲ್ಲೇ ಓಡುತ್ತಿದ್ದ ಇಂಜಿನ್

ಚಿಕ್ಕವಳಿದ್ದಾಗ ಅಮ್ಮ ಅಡುಗೆ ಮುಗಿಸಿ ಸೀಮೆಎಣ್ಣೆ ಸ್ಟೋವಿನ ಬತ್ತಿ ಇಳಿಸಿದ ಕೂಡಲೇ ಮನೆಯೆಲ್ಲ ತುಂಬಿಕೊಳ್ಳುತ್ತಿದ್ದ ಮಸಿಯ ವಾಸನೆ. ಮೇಲ್ಸೇತುವೆಯ ಏರಿನ ನಡುವೆ ಅದೇ ವಾಸನೆ ವ್ಯಾನಿನೊಳಗೆ ನುಗ್ಗಿದಾಗ, ವಯಸ್ಸಾದ ರೋಗಿಗಳನ್ನು ಆಸ್ಪತ್ರೆಗೆ ಕರೆದೊಯ್ಯುವ ಡ್ರೈವರಕ್ಕ ಕನ್ನಡಿಯತ್ತ ಕಣ್ಣು ಹಾಯಿಸಿದಳು. ಹಿಂದೆಲ್ಲ ಕಪ್ಪು ಹೊಗೆ. ಎಷ್ಟು ತುಳಿದರೂ ವ್ಯಾನು ಏದುಸಿರು ಬಿಡುತ್ತಿತ್ತೇ ಹೊರತು ಮುಂದೆ ಹೋಗಲೊಲ್ಲದು. ಸ್ಟೀರಿಂಗಿನ ಹಿಂದೆ ಹಳದಿ ದೀಪ ಹೊತ್ತಿಕೊಂಡಿತ್ತು.

"ಏನಾಯ್ತು ತಾಯಿ?" ಪಕ್ಕದ ಸೀಟಿನಿಂದ ಟೈಲರಜ್ಜ ಕೇಳಿದರು.

"ಏನಿಲ್ಲ ಅಜ್ಜ, ಸ್ವಲ್ಪ ಮುನಿಸಿಕೊಂಡಿದೆ."

"ನನ್ನ ಮೂತ್ರಪಿಂಡದ ಹಾಗೆ ಅನ್ನು," ಎಂದು ಅಜ್ಜ ನಕ್ಕರು. ಅವಳಿಗೆ ನಗು ಬರಲಿಲ್ಲ. ಜ್ವರ ಬಂದು ಅವರ ಹಿಂದಿನ ಡಯಾಲಿಸಿಸ್ ತಪ್ಪಿಹೋಗಿತ್ತು. ಕಾಲು ಎಷ್ಟು ಊದಿತ್ತೆಂದರೆ ಈವತ್ತು ಚಪ್ಪಲಿ ಹಿಡಿಸದೆ ಬರಿಗಾಲಲ್ಲೇ ಬಂದಿದ್ದರು. ಈ ಸರದಿಯೂ ತಪ್ಪಿದರೆ ನೀರು ಶ್ವಾಸಕೋಶಕ್ಕೇ ಏರಬಹುದೆಂದು ಡಾಕ್ಟರು ಎಚ್ಚರಿಸಿದ್ದರು. ಆಸ್ಪತ್ರೆಗೆ ಫೋನು ಮಾಡಿದಳು. "ಒಂದು ಗಂಟೆ ನಿಮ್ಮಜ್ಜನ ಮೆಷಿನ್ನು ಯಾರಿಗೂ ಬಿಡಲ್ಲ. ಆಮೇಲೆ ನನ್ನ ಕೈಯಲ್ಲಿಲ್ಲಮ್ಮ," ಎಂದಳು ನರ್ಸು. ತೆವಳುತ್ತ ತೆವಳುತ್ತ ಏರು ಮುಗಿಸಿದ ವ್ಯಾನನ್ನು ಅವಳು ಇಳಿಜಾರಿನಲ್ಲಿ ಉರುಳಿಸಿಕೊಂಡು ಹೋಗಿ, ಮೊದಲು ಕಂಡ ಗ್ಯಾರೇಜಿನ ಮುಂದೆ ನಿಲ್ಲಿಸಿದಳು.

ಯಾರದೋ ಕಾರಿನ ಕೆಳಗೆ ಮಲಗಿದ್ದ ಮೆಕ್ಯಾನಿಕ್ಕು "ಸಂಜೆ ಬನ್ನಿ ಅಕ್ಕ," ಎಂದು ಅಲ್ಲಿಂದಲೇ ಕೂಗಿದ. ಅಷ್ಟರಲ್ಲಿ ವ್ಯಾನಿನಿಂದ ಕೆಳಗಿಳಿದ ಊದಿದ ಬರಿಗಾಲು ಅವನ ಕಣ್ಣಿಗೆ ಬಿದ್ದಿರಬೇಕು. ಮತ್ತೊಂದು ಮಾತಾಡದೆ ಹೊರಗೆ ಜಾರಿ ಬಂದು, ಇದ್ದೊಂದು ಕುರ್ಚಿಯನ್ನು ಒರೆಸಿ ಅಜ್ಜನಿಗೆ ಕೊಟ್ಟ. ತನ್ನ ಬೆವರಿಗೆಂದು ಇಟ್ಟುಕೊಂಡಿದ್ದ ಫ್ಯಾನನ್ನು ಅವರ ಕಡೆ ತಿರುಗಿಸಿದ.

ವ್ಯಾನಿಗೆ ದೋಷ ತೋರಿಸುವ ಸ್ಕ್ಯಾನರ್ ಚುಚ್ಚಿ ನೋಡಿದ. "ಇಜಿಆರ್ ವಾಲ್ವು ಅನ್ನುತ್ತೆ. ಇದರ ಮಾತೇ ನಂಬಿ ಬಿಚ್ಚೋಕಾಗಲ್ಲ." ವೈರು ಎಳೆದು ನೋಡಿದ, ಪೈಪುಗಳನ್ನು ಬೆರಳಿಂದ ಸವರಿ ಬಿರುಕು ಹುಡುಕಿದ. ಎಲ್ಲ ಸರಿಯಿತ್ತು. ಕೊನೆಗೆ ಬೋಲ್ಟು ಸಡಿಲಿಸಿ ವಾಲ್ವನ್ನೇ ಕೈಗೆ ತೆಗೆದುಕೊಂಡ. ಅದರ ಬಾಯಿ ತುಂಬ ಡಾಂಬರಿನಂಥ ಕಪ್ಪು ಮಸಿ.

"ಇಂಜಿನ್ನು ತಾನು ಬಿಟ್ಟ ಹೊಗೇಲಿ ಒಂದಿಷ್ಟನ್ನ ತಾನೇ ಮತ್ತೆ ಕುಡಿಯುತ್ತೆ ಅಕ್ಕ. ಎಷ್ಟು ಬೇಕೋ ಅಷ್ಟು ಬಿಡೋಕೆ ಇದೊಂದು ಬಾಗಿಲು. ಮಸಿ ಮೆತ್ತಿ ತೆರೆದೇ ನಿಂತಿದೆ. ಏರಿನಲ್ಲಿ ಗಾಳಿ ಬೇಕು ಅಂದ್ರೆ ಬರೀ ಹೊಗೇನೇ ಸಿಕ್ಕರೆ ಪಾಪ ಅದಾದ್ರೂ ಏನು ಮಾಡೀತು?"

"ಹೊಸದು ಹಾಕಬೇಕಾ?"

"ಇದರ ಮೋಟರು ಸುಟ್ಟಿದ್ರೆ ಹಾಕಲೇಬೇಕು. ಹೊಸದು ಬರೋದು ನಾಳೆ. ಮೊದಲು ತೊಳೆದು ನೋಡೋಣ." ಅವನು ಸ್ಪ್ರೇ ಹೊಡೆದು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜತೊಡಗಿದ. ಅವಳೂ ಸುಮ್ಮನೆ ಕೂರಲಾರದೆ ಪೈಪಿನೊಳಗಿನ ಮಸಿ ಕೆರೆಯಲು ಕುಳಿತಳು. ಉಜ್ಜುತ್ತಲೇ ಅವನು ಕೇಳಿದ: "ಒಂದು ಮಾತು ಅಕ್ಕ. ಹೊಸ ಗಾಡಿಗೆ ಇಷ್ಟೊಂದು ಮಸಿ ಕಟ್ಟೋದು ಅಪರೂಪ. ಇಂಜಿನ್ ಆಫ್ ಮಾಡದೆ ನಿಂತಲ್ಲೇ ಓಡಿಸ್ತೀರಾ?"

ಅವಳ ಕೈ ನಿಂತಿತು. ಅಜ್ಜನ ಮನೆ ಎರಡನೇ ಮಹಡಿಯಲ್ಲಿ. ಕಣ್ಣು ಮಂಜು. ಒಮ್ಮೆ ಅವಳು ಇಂಜಿನ್ ಆರಿಸಿ ಕಾಯುತ್ತಿದ್ದಾಗ, ಅರ್ಧ ಮೆಟ್ಟಿಲು ಇಳಿದಿದ್ದವರು ವ್ಯಾನು ಹೊರಟೇಹೋಯಿತೆಂದು ಗಾಬರಿಯಿಂದ ಕಾಲು ಬೀಸಿ ಹಾಕಿ ಮುಗ್ಗರಿಸಿದ್ದರು. ಅಂದಿನಿಂದ ಅವರು ಒಂದೊಂದೇ ಮೆಟ್ಟಿಲಿಳಿದು ಬಂದು ಕೂರುವ ತನಕ ಅವಳು ಇಂಜಿನ್ ಓಡುತ್ತಿರಲು ಬಿಡುತ್ತಿದ್ದಳು. ಆ ಸದ್ದಿನ ಧೈರ್ಯಕ್ಕೆ ಅವರು ನಿಧಾನವಾಗಿ ಬರುತ್ತಿದ್ದರು. ಆಮೇಲೆ ಉಳಿದ ಅಜ್ಜಿ-ಅಜ್ಜಂದಿರ ಮನೆಗಳ ಮುಂದೆಯೂ ಅದೇ ರೂಢಿಯಾಗಿಬಿಟ್ಟಿತ್ತು.

"ಟ್ರಾಫಿಕ್ಕಲ್ಲಿ ನಿಲ್ಲಲೇಬೇಕಲ್ಲಪ್ಪ," ಎಂದಳು, ಅಜ್ಜನ ಕಡೆ ನೋಡದೆ.

ಮೆಕ್ಯಾನಿಕ್ಕು ಅವಳ ಮುಖ ನೋಡಿದ, ಕುರ್ಚಿಯ ಕಡೆ ನೋಡಿದ. "ಅದೇ ಮತ್ತೆ," ಎಂದು ದನಿ ಎತ್ತರಿಸಿದ. "ಹಾಳು ಟ್ರಾಫಿಕ್ಕು, ಇಂಜಿನ್ನಿಗೂ ಕಾಯಿಲೆ ತರುತ್ತೆ! ಆಗಾಗ ಖಾಲಿ ರಸ್ತೇಲಿ ಒಂದಿಷ್ಟು ದೂರ ಚೆನ್ನಾಗಿ ಓಡಿಸಿ ಬನ್ನಿ ಅಕ್ಕ, ಎದೆ ಬಿಚ್ಚಿ ಉಸಿರಾಡಲಿ."

ಅಜ್ಜ ಎಲ್ಲ ಕೇಳುತ್ತ ಕೋಲಿನ ಹಿಡಿಯ ಮೇಲೆ ಗಲ್ಲವಿಟ್ಟುಕೊಂಡು ಕೂತಿದ್ದರು.

ವಾಲ್ವಿಗೆ ವೈರು ಸಿಕ್ಕಿಸಿ ಮೆಕ್ಯಾನಿಕ್ಕು ಸ್ಕ್ಯಾನರಿನ ಗುಂಡಿ ಒತ್ತಿದ. ಅದು ಅಲ್ಲಾಡಲಿಲ್ಲ. ಅವನು ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟಿ, "ಏಳಪ್ಪ, ಅಜ್ಜ ಕಾಯ್ತಿದಾರೆ," ಎಂದು ಮತ್ತೆ ಒತ್ತಿದ. ಟಿಕ್ಕೆಂದು ತೆರೆಯಿತು. ಟಿಕ್ಕೆಂದು ಮುಚ್ಚಿತು. ಅವಳಿಗೆ ಕಣ್ಣು ತುಂಬಿ ಬಂತು. ಥ್ಯಾಂಕ್ಸ್ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವನು ಬೋಲ್ಟು ಬಿಗಿಯತೊಡಗಿದ್ದ. "ಮಾತು ಆಮೇಲೆ ಅಕ್ಕ. ಮೊದಲು ಹೊರಡಿ."

ಮುಂದಿನ ಏರನ್ನು ವ್ಯಾನು ಹೂವೆತ್ತಿದ ಹಾಗೆ ಹತ್ತಿತು. ಆಸ್ಪತ್ರೆಯ ಬಾಗಿಲಲ್ಲಿ ನರ್ಸು ಗಾಲಿಕುರ್ಚಿ ಹಿಡಿದೇ ನಿಂತಿದ್ದಳು. "ಬೇಗ ಬನ್ನಿ, ಮೆಷಿನ್ನು ಇದೆ!" ಡ್ರೈವರಕ್ಕ ಎಂದಿನಂತೆ ಇಂಜಿನ್ ಓಡುತ್ತಿರಲು ಬಿಟ್ಟು ಕೆಳಗಿಳಿದು, ಸುತ್ತಿ ಬಂದು ಅಜ್ಜನ ಕಡೆಯ ಬಾಗಿಲು ತೆಗೆದಳು.

ಆಗ ಇಂಜಿನ್ ನಿಂತಿತು. ನೋಡಿದರೆ ಪಕ್ಕಕ್ಕೆ ಬಾಗಿದ ಅಜ್ಜನ ಕೈ ಕೀಲಿಯ ಮೇಲಿತ್ತು.

"ಇನ್ನು ಮುಂದೆ ಕೆಳಗಿಂದ ಒಂದು ಸಲ ಕೂಗಿದ್ರೆ ಸಾಕು, ತಾಯಿ," ಎಂದರು. "ನೀನು ಬಿಟ್ಟು ಹೋಗೋಳಲ್ಲ ಅಂತ ನಂಗೊತ್ತು."

ಅವಳು ಅವರ ತೋಳು ಹಿಡಿದು ಇಳಿಸಿದಳು. ಗಾಲಿಕುರ್ಚಿಗೆ ಇಳಿದ ಅಜ್ಜ ಚೀಲದೊಳಗೆ ತಡವರಿಸಿ, ಸೊಸೆ ಕಟ್ಟಿಕೊಟ್ಟಿದ್ದ ಊಟದ ಡಬ್ಬಿಯನ್ನು ತೆಗೆದು ಅವಳ ಮಸಿಗೈಗಳಲ್ಲಿಟ್ಟರು.

"ಅರ್ಧ ನಂಗಿಡು."